ಅವರು ನೋಡುವುದು ನಿಮ್ಮನ್ನಲ್ಲ, ನಿಮ್ಮ ಹೂವನ್ನು

ಮಕ್ಕಳೇ, ಮಳೆ ಸ್ವಲ್ಪ ಬಿಟ್ಟ ಒಂದು ದಿನ ಶಾಲೆಯಿಂದ ಬರುವಾಗ ಮುರಕಲ್ಲಿನ ಪದವಿನಲ್ಲಿ ಒಮ್ಮೆ ಬಗ್ಗಿ ನೋಡಿ. ನೀರು ನಿಂತ ಕಡೆ, ಹುಲ್ಲಿನ ನಡುವೆ, ಸಪೂರ ಕಡ್ಡಿಗಳ ತುದಿಯಲ್ಲಿ ನೀಲಿ ಹೂಗಳು ಕಾಣುತ್ತವೆ. ಮಲಯಾಳದಲ್ಲಿ ಇದಕ್ಕೆ ಕಾಕ್ಕಪ್ಪೂ ಎನ್ನುತ್ತಾರೆ. ಓಣಂ ಸಮಯದಲ್ಲಿ ಪೂಕಳಕ್ಕೆ ಕೊಯ್ಯುತ್ತಾರೆ. ವಿಜ್ಞಾನದಲ್ಲಿ ಇದರ ಕುಲದ ಹೆಸರು ಯುಟ್ರಿಕ್ಯುಲೇರಿಯಾ. ನೋಡಲು ಪಾಪದ ಹೂ. ಆದರೆ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳುಂಟು. ಸೂಕ್ಷ್ಮಜೀವಿಗಳು ಹತ್ತಿರ ಬಂದರೆ ಆ ಚೀಲಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಅವನ್ನು ಒಳಗೆ ಎಳೆದುಕೊಳ್ಳುತ್ತವೆ. ಇದೊಂದು ಮಾಂಸಾಹಾರಿ ಸಸ್ಯ!

ಈಗ ಹೀಗೆ ಊಹಿಸಿಕೊಳ್ಳಿ. ನೀವು ಅಮ್ಮನ ಫೋನಿನಲ್ಲಿ ಅದರ ಫೋಟೊ ತೆಗೆದಿರಿ. ಟೀಚರ ಸಹಾಯದಿಂದ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದಿರಿ. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಲೋಕದ ಎಲ್ಲ ಕಡೆಯ ಜನ ತಾವು ಕಂಡ ಗಿಡ, ಹುಳ, ಹಕ್ಕಿಗಳ ಚಿತ್ರ ಹಾಕುತ್ತಾರೆ, ಒಬ್ಬರಿಗೊಬ್ಬರು ಹೆಸರು ಗುರುತಿಸಿಕೊಡುತ್ತಾರೆ. ಮರುದಿನ ನಿಮ್ಮ ಚಿತ್ರದ ಕೆಳಗೆ ಯಾರೋ ಕೇಳಿದ್ದಾರೆ: "ಹೂವನ್ನು ಬದಿಯಿಂದ ತೆಗೆದ ಫೋಟೊ ಇದೆಯೇ? ಹಿಂದಿನ ಕೊಂಬು ನೇರವೋ, ಬಾಗಿದೆಯೋ?"

ಆ ಫೋಟೊ ನಿಮ್ಮಲ್ಲಿ ಉಂಟು. ಆದರೆ ಬೆರಳು ಮುಂದೆ ಹೋಗುವುದಿಲ್ಲ. 'ಇವರು ಯಾರೋ ಏನೋ. ದೊಡ್ಡ ವಿಜ್ಞಾನಿ ಇರಬಹುದು. ನನ್ನ ಇಂಗ್ಲಿಷ್ ತಪ್ಪಾದರೆ? ನಾನು ಕನ್ನಡ ಮೀಡಿಯಂ. ಯಾಕೆ ಬೇಕಪ್ಪಾ ಈ ಉಸಾಬರಿ' ಎಂದು ಫೋನ್ ಕೆಳಗಿಡುತ್ತೀರಿ. ಅಲ್ಲಿಗೆ ಒಂದು ಒಳ್ಳೆಯ ಪ್ರಶ್ನೆ ಉತ್ತರವಿಲ್ಲದೆ ನಿಂತುಹೋಯಿತು.

ಹೀಗಾಗುವುದು ನಿಮಗೆ ಮಾತ್ರ ಅಲ್ಲ. ಹೊಸಬರು ಎದುರಾದಾಗ ನಮ್ಮ ಮಿದುಳಿನೊಳಗಿನ ಅಮಿಗ್ಡಲ ಎಂಬ ಪುಟ್ಟ ಭಾಗ 'ಜಾಗ್ರತೆ' ಎಂದು ಗಂಟೆ ಹೊಡೆಯುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಎದುರಿಗೆ ಇರುವುದು ಹುಲಿಯೋ, ಫೋನಿನ ಪರದೆಯಲ್ಲಿ ಬಂದ ಒಂದು ಪ್ರಶ್ನೆಯೋ ಎಂದು ನಿಧಾನವಾಗಿ ವಿಚಾರಿಸಲು ಅದಕ್ಕೆ ಪುರುಸೊತ್ತಿಲ್ಲ.

ಇದರ ಮೇಲೆ ಇನ್ನೊಂದು ತಪ್ಪು ಲೆಕ್ಕವೂ ಸೇರಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಹಾಕಲು ನಾಚಿಕೆಯಾಗುವಂಥ ಚಿತ್ರವಿದ್ದ ಅಂಗಿಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಹೊರಬಂದ ಮೇಲೆ 'ಎಷ್ಟು ಜನ ನಿನ್ನ ಅಂಗಿ ಗಮನಿಸಿರಬಹುದು?' ಎಂದು ಕೇಳಿದರು. ಸುಮಾರು ಅರ್ಧದಷ್ಟು ಜನ ಎಂಬ ಉತ್ತರ ಬಂತು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು ಮಾತ್ರ! ಎಲ್ಲರ ಕಣ್ಣೂ ನಮ್ಮ ಮೇಲೆಯೇ ಇದೆ ಎಂದು ನಾವು ಎಣಿಸುತ್ತೇವೆ. ಪಾಪ, ಅವರಿಗೆ ಅವರದ್ದೇ ಯೋಚನೆ.

ಫೋನೂ ಇಂಟರ್ನೆಟ್ಟೂ ಇಲ್ಲದ ಕಾಲದಲ್ಲಿ ಇದೇ ಅಳುಕು ಪಟ್ಟ ಒಬ್ಬ ಹುಡುಗನ ಕತೆ ಕೇಳಿ. 1908ರ ಸುಮಾರಿಗೆ ಮುಂಬಯಿಯಲ್ಲಿ ಆ ಹುಡುಗ ತನ್ನ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಯಾವ ಗುಬ್ಬಿ ಇದು? ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರ ಹತ್ತಿರ ಕಳಿಸಿದರು. ಅಲ್ಲಿಯವರೆಗೆ ಒಬ್ಬ ಬಿಳಿಯನ ಎದುರು ನಿಂತು ಮಾತಾಡಿಯೇ ಗೊತ್ತಿಲ್ಲದ ಹುಡುಗ ಹೆದರುತ್ತಲೇ ಒಳಗೆ ಹೋದ, ಹಕ್ಕಿಯನ್ನು ಮುಂದಿಟ್ಟ. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದರು. ಅಷ್ಟಕ್ಕೇ ಬಿಡದೆ ಸೊಸೈಟಿಯಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆ ಹುಡುಗನೇ ಮುಂದೆ ಭಾರತದ ಹಕ್ಕಿ ವಿಜ್ಞಾನಿ ಎಂದು ಹೆಸರಾದ ಸಲೀಂ ಅಲಿ. ಆ ದಿನ ಅವರಿಗೆ ಧೈರ್ಯ ತುಂಬಿದ್ದು ಏನು ಹೇಳಿ ನೋಡುವ? ಕೈಯಲ್ಲಿದ್ದ ಹಕ್ಕಿ. ಮಾತು ಹುಡುಗನ ಬಗ್ಗೆ ಆಗಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲವೋ ಏನೋ. ಮಾತು ಹಕ್ಕಿಯ ಬಗ್ಗೆ ಆಯಿತು.

ದೂರದ ಮುಂಬಯಿ ಬಿಡಿ, ನಮ್ಮ ಚಂದ್ರಗಿರಿ ಹೊಳೆಗೇ ಬನ್ನಿ. ನಮ್ಮ ಜಿಲ್ಲೆಯ ಪ್ರಾಣಿ ಎಂದು ಘೋಷಿಸಲಾದ ಪಾಲಪ್ಪೂವನ್ ಆಮೆ, ಅಂದರೆ ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆ, ಈ ಹೊಳೆಯಲ್ಲಿದೆ. ಒಂದು ಮೀಟರಿನಷ್ಟು ಬೆಳೆಯಬಲ್ಲ ಪ್ರಾಣಿ, ಆದರೂ ಕಣ್ಣಿಗೆ ಬೀಳುವುದು ಅಪರೂಪ. ಹೆಚ್ಚಿನ ಹೊತ್ತು ಹೊಳೆಯ ಮರಳಿನಲ್ಲಿ ಹುದುಗಿಕೊಂಡು, ಕಣ್ಣು ಮೂತಿ ಮಾತ್ರ ಹೊರಗಿಟ್ಟು ಕೂತಿರುತ್ತದೆ. ಇದನ್ನು ಅಧ್ಯಯನ ಮಾಡಲು ಹೊರಗಿನಿಂದ ಬಂದ ಸಂಶೋಧಕಿ ಆಯುಷಿ ಜೈನ್ ಅವರಿಗೆ ಈ ಊರಿನಲ್ಲಿ ಎಲ್ಲರೂ ಅಪರಿಚಿತರು, ಊರಿನವರಿಗೆ ಅವರು ಅಪರಿಚಿತೆ. ಅವರು ಹೊಳೆಬದಿಯ ಜನರನ್ನೇ ಕೇಳಿದರು. ಆಮೆ ಎಲ್ಲಿ ಕಂಡಿತು, ಯಾವಾಗ ಕಂಡಿತು ಎಂದು ಜನ ಹೇಳತೊಡಗಿದರು. ಹೀಗೆ ಬೆಳೆದ ಸಂಪರ್ಕದಿಂದಲೇ ಈ ಆಮೆ ಇಲ್ಲಿ ಮೊಟ್ಟೆ ಇಡುತ್ತದೆ ಎಂಬುದು ದಾಖಲಾಯಿತು. ನೀರು ನುಗ್ಗಿದ ಗೂಡಿನ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ಹೊಳೆಗೆ ಬಿಟ್ಟದ್ದೂ ಆಯಿತು. 2024ರಲ್ಲಿ ಈ ಕೆಲಸದ ವರದಿ ಓರಿಕ್ಸ್ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಹೊಳೆಬದಿಯವರು 'ನಮಗೇನು ಗೊತ್ತು, ನಾವು ಓದಿದವರಲ್ಲ' ಎಂದು ಸುಮ್ಮನಿದ್ದಿದ್ದರೆ?

ಹಾಗಾದರೆ ಎಲ್ಲಿಂದ ಸುರು ಮಾಡುವುದು? ಮೊದಲು ಸುಮ್ಮನೆ ಹಿಂಬಾಲಿಸಿ. ಹಕ್ಕಿಯೋ ಚಿಟ್ಟೆಯೋ ನಿಮಗೆ ಇಷ್ಟವಾದ ವಿಷಯದಲ್ಲಿ ಚೆನ್ನಾಗಿ ಬರೆಯುವ ನಾಲ್ಕು ಜನರನ್ನು ಆರಿಸಿಕೊಂಡು ಕೆಲವು ವಾರ ಓದಿ. ಇದು ಕದ್ದು ನೋಡಿದಂತೆ ಅಲ್ಲ. ಯಕ್ಷಗಾನಕ್ಕೆ ಹೋದವರೆಲ್ಲ ರಂಗಸ್ಥಳ ಹತ್ತುತ್ತಾರೆಯೇ? ಅವರು ಹೇಗೆ ಕೇಳುತ್ತಾರೆ, ತಪ್ಪಾದಾಗ ಹೇಗೆ ತಿದ್ದಿಕೊಳ್ಳುತ್ತಾರೆ ಎಂದು ನೋಡಿ. ಆಮೇಲೆ ಮಾತಾಡುವುದಾದರೆ ಮೂರು ಸಂಗತಿ ಸಾಕು: ಏನು ಕಂಡೆ, ಯಾವಾಗ ಕಂಡೆ, ಏನು ಸಂಶಯ. ಕನ್ನಡದಲ್ಲೇ ಬರೆಯಿರಿ. ಅನುವಾದ ಮಾಡುವ ಸೌಲಭ್ಯ ಈಗ ಫೋನಿನಲ್ಲೇ ಉಂಟು.

ಯಾರಾದರೂ 'ಇದು ಅದಲ್ಲ, ಬೇರೆ ಜಾತಿ' ಎಂದರೆ ಮುಖ ಸಣ್ಣ ಮಾಡಬೇಡಿ. ಐನ್ಯಾಚುರಲಿಸ್ಟಿನಲ್ಲಿ ಒಂದು ಹೆಸರು ಗಟ್ಟಿಯಾಗಬೇಕಾದರೆ ಗುರುತಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಬೇಕು. ಒಪ್ಪದವರು ಇರುವುದರಿಂದಲೇ ಆ ಹೆಸರಿಗೆ ಬೆಲೆ.

ಇನ್ನು ಒಂದು ಮುಖ್ಯ ವಿಷಯ. ನಾಚಿಕೆಯನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆ ಗಂಟೆ ಕೆಲವೊಮ್ಮೆ ಸರಿಯಾಗಿಯೇ ಬಾರಿಸುತ್ತದೆ. ಹೂವಿನ ಬಗ್ಗೆ ಕೇಳುತ್ತಿದ್ದವರು 'ನಿನ್ನ ಫೋಟೊ ಕಳಿಸು', 'ಮನೆ ಎಲ್ಲಿ', 'ಇದನ್ನು ಯಾರಿಗೂ ಹೇಳಬೇಡ' ಎನ್ನತೊಡಗಿದರೆ ಅವರು ಈಗ ನೋಡುತ್ತಿರುವುದು ಹೂವನ್ನಲ್ಲ, ನಿಮ್ಮನ್ನು. ಉತ್ತರ ಕೊಡಬೇಡಿ. ಆ ಸಂದೇಶ ಅಳಿಸದೆ ಅಪ್ಪ ಅಮ್ಮನಿಗೋ ಟೀಚರಿಗೋ ತೋರಿಸಿ. ಯಾರೂ ಬೈಯುವುದಿಲ್ಲ. ತಪ್ಪು ನಿಮ್ಮದಲ್ಲ. ಮನೆಯಲ್ಲಿ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಮನೆಯಂಗಳದ ಫೋಟೊ ಹಾಕುವಾಗ ಸ್ಥಳ ಮಸುಕು ಮಾಡುವ ಆಯ್ಕೆಯನ್ನು ಒತ್ತಿ. ಆಗ ಸುಮಾರು 20 ಕಿಲೋಮೀಟರ್ ಉದ್ದಗಲದ ಒಂದು ಚೌಕದೊಳಗೆ ಎಲ್ಲೋ ಎಂದು ಮಾತ್ರ ಇತರರಿಗೆ ಕಾಣುತ್ತದೆ. ಖಾತೆ ತೆರೆಯುವ ಮೊದಲು ಮನೆಯಲ್ಲಿ ಕೇಳಿ. 13 ವರ್ಷ ತುಂಬದವರಿಗೆ ಹೆತ್ತವರ ಅನುಮತಿ ಬೇಕೇ ಬೇಕು. ಒಬ್ಬರೇ ಮಾಡಲು ಅಳುಕಾದರೆ ಲಿಟ್ಲ್ ಕೈಟ್ಸ್ ಗೆಳೆಯರನ್ನೂ ಟೀಚರನ್ನೂ ಜತೆಗೆ ಕೂರಿಸಿಕೊಂಡು ಬರೆಯಿರಿ.

ಈಗ ಆ ನೀಲಿ ಹೂವಿಗೆ ಹಿಂತಿರುಗುವ. ಯಾರೋ ಕೇಳಿದ ಪ್ರಶ್ನೆ ಇನ್ನೂ ಅಲ್ಲೇ ಇದೆ. ಅವರು ಎಷ್ಟೇ ಓದಿರಲಿ, ಈ ಮಳೆಗಾಲದಲ್ಲಿ ನಿಮ್ಮ ಪದವಿಗೆ ಬಂದು ಬಗ್ಗಿ ನೋಡಿದವರಲ್ಲ. ನೋಡಿದವರು ನೀವು. ಬದಿಯಿಂದ ತೆಗೆದ ಫೋಟೊ ಹಾಕಿ. ಕೆಳಗೆ ಒಂದು ಸಾಲು ಬರೆಯಿರಿ: "ಕೊಂಬು ಸ್ವಲ್ಪ ಬಾಗಿದೆ. ಇದು ಯಾವ ಜಾತಿ?" ಉತ್ತರ ಬಂದ ಮೇಲೆ ನಮಗೂ ತಿಳಿಸಿ.