ಬೊರಿವಲಿಯ ಕಾಡಿನಲ್ಲೊಂದು ಪರದೇಶಿ ಪೊದೆ

ಮಕ್ಕಳೊಂದಿಗೆ ಕಾನ್ಹೇರಿ ಗುಹೆಗಳಿಗೆ ಹೊರಟ ನಾವು, ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಹಳದಿ, ಕೆಂಪು, ಗುಲಾಬಿ ವರ್ಣಗಳ ಪುಟ್ಟ ಹೂಗೊಂಚಲುಗಳನ್ನು ಕಂಡು ಹರ್ಷಿಸುತ್ತೇವೆ. ಅದು ಲಂಟಾನಾ. ಮರಾಠಿ ಬಾಂಧವರು ಅದನ್ನು ಘಾಣೇರಿ ಎನ್ನುತ್ತಾರೆ. ಎಲೆಯನ್ನು ಉಜ್ಜಿ ಮೂಸಿದರೆ ಹೆಸರಿನ ಕಾರಣ ತಾನೇ ತಿಳಿಯುತ್ತದೆ. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತರಲಾಯಿತು.

ಅದು ಕಾಡನ್ನು ಹೊಕ್ಕಿದ್ದು ಕಾಡಿನವರ ನೆರವಿನಿಂದಲೇ ಎಂಬುದು ಸೋಜಿಗ. ಇಲ್ಲಿಯ ಚಿಟ್ಟೆಗಳು ಅದರ ಮಕರಂದವನ್ನು ಹೀರುತ್ತವೆ. ಪಿಕಳಾರ ಹಕ್ಕಿಗಳು ಕಪ್ಪು ಹಣ್ಣುಗಳನ್ನು ತಿಂದು ಬೀಜಗಳನ್ನು ದೂರಕ್ಕೆ ಒಯ್ಯುತ್ತವೆ. ನಮ್ಮ ವಸತಿ ಸಂಕೀರ್ಣದ ಬೇಲಿಯಲ್ಲಿಯೂ ಲಂಟಾನಾ ಇದೆ. ಅಂದಕ್ಕಾಗಿ ನೆಟ್ಟವರು ನಾವೇ.

ಇದರ ಎಲೆ ದನಕರುಗಳಿಗೆ ವಿಷ. ಜಿಂಕೆ, ಕಡವೆಗಳಿಗೂ ರುಚಿಸದು. ಮೇಯುವವರಿಲ್ಲದ ಪೊದೆ ದಟ್ಟವಾಗಿ ಹಬ್ಬಿ ಬಿಸಿಲನ್ನು ತಡೆದಾಗ ಅದರಡಿಯಲ್ಲಿ ಹುಲ್ಲಾಗಲಿ, ಸ್ಥಳೀಯ ಮರಗಳ ಸಸಿಗಳಾಗಲಿ ಮೇಲೇಳಲಾರವು. ಹುಲ್ಲು ಕುಗ್ಗಿದಲ್ಲಿ ಜಿಂಕೆಗೆ ಮೇವಿಲ್ಲ. ಜಿಂಕೆ ಕುಗ್ಗಿದರೆ ಚಿರತೆಗೆ ಕಾಡಿನೊಳಗಿನ ಬೇಟೆ ಕಡಿಮೆ. ಆ ಚಿರತೆಯಾದರೋ ಗೋರೆಗಾಂವ್, ಮುಲುಂಡ್, ಠಾಣೆಗಳ ನಮ್ಮ ಮನೆಗಳಿಗೆ ನೆರೆಯದು.

ಕಡಿದರೆ ಲಂಟಾನಾ ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು, ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲು, ಗಿಡಗಳನ್ನು ಬೆಳೆಸಬೇಕು. ಇಲ್ಲವಾದರೆ ಮರುವರ್ಷ ಅದೇ ಕಥೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವ ಕಾರಣವೊಂದಿದೆ: ಹಿಂದೆ ತರಗೆಲೆಗಳಿಗೆ ತಾವು ಹಚ್ಚುತ್ತಿದ್ದ ಸಣ್ಣ ಬೆಂಕಿಯನ್ನು ನಿಷೇಧಿಸಿದ ಮೇಲೆಯೇ ಈ ಪೊದೆ ಹೆಚ್ಚಿತಂತೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಾದರೋ ಇದರ ಕಡ್ಡಿಗಳಿಂದ ಕುರ್ಚಿಗಳನ್ನೂ ಆಳೆತ್ತರದ ಆನೆಗಳನ್ನೂ ಮಾಡುತ್ತಿದ್ದಾರೆ.