ಕಷಾಯ ಕುದಿಯುವಷ್ಟರಲ್ಲಿ ಹೃದಯಕ್ಕೆ ಆಗುವುದೇನು?

ಬೆಳಗಿನ ಜಾವ ನಾಲ್ಕು ಗಂಟೆ. ಮನೆಯ ಯಜಮಾನರಿಗೆ ಎದೆಯ ಮೇಲೆ ಕಲ್ಲು ಹೇರಿದಂಥ ಭಾರ, ಮೈಯೆಲ್ಲ ಬೆವರು. ‘ರಾತ್ರಿ ಮದುವೆ ಊಟ ಜಾಸ್ತಿಯಾಯ್ತು, ಗ್ಯಾಸ್ಟ್ರಿಕ್ಕೇ ಇರ್ಬೇಕು’ ಎಂದು ಜೀರಿಗೆ ಕಷಾಯ ಕುದಿಸುತ್ತಾರೆ. ತಗ್ಗಲಿಲ್ಲವೆಂದರೆ ಸೋಡಾ. ಬೆಳಕಾಗಲಿ, ಕ್ಲಿನಿಕ್ ಬಾಗಿಲು ತೆರೆಯಲಿ ಎಂದು ಕಾದು ಆಟೊ ಹತ್ತುವಾಗ ಹತ್ತು ಗಂಟೆ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಮುಂದೆ ನಿಂತು ನಡೆಸಿದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೃದಯಾಘಾತದ ಶಂಕೆಯಿಂದ ದೇಶದ 89 ಆಸ್ಪತ್ರೆಗಳಿಗೆ ಬಂದ 20,937 ರೋಗಿಗಳ ಲೆಕ್ಕ ಅದರಲ್ಲಿದೆ. ಅರ್ಧದಷ್ಟು ಜನ ಆಸ್ಪತ್ರೆ ತಲುಪಿದ್ದು ನೋವು ಶುರುವಾಗಿ 360 ನಿಮಿಷ ದಾಟಿದ ಮೇಲೆ. ಒಳಗೆ ಕಾಲಿಟ್ಟ ನಂತರ ಹೆಪ್ಪು ಕರಗಿಸುವ ಚುಚ್ಚುಮದ್ದು ಬೀಳಲು ಸಾಮಾನ್ಯವಾಗಿ ಹಿಡಿದದ್ದು 50 ನಿಮಿಷ. ಹೊತ್ತು ಹೆಚ್ಚು ಹಾಳಾದದ್ದು ಹೊಸಿಲಿನ ಈಚೆಗೇ.

ಆ ಹೊತ್ತಿನಲ್ಲಿ ಒಳಗೆ ನಡೆಯುವುದಿಷ್ಟು: ಹೃದಯಕ್ಕೆ ರಕ್ತ ಉಣಿಸುವ ನಾಳದ ಗೋಡೆಯಲ್ಲಿ ಕಟ್ಟಿದ್ದ ಕೊಬ್ಬಿನ ಗಂಟು ಬಿರಿಯುತ್ತದೆ. ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಪೂರ್ತಿ ಮುಚ್ಚಿದರೆ ಆಚೆಗಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ.

<b>ಹತ್ತು ನಿಮಿಷದ ಇಸಿಜಿ</b>

ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ನಿಯಮ. ಅದರಲ್ಲಿ ‘ಎಸ್‌ಟಿ’ ಎಂಬ ಭಾಗ ಮೇಲೆದ್ದಿದ್ದರೆ ನಾಳ ಮುಚ್ಚಿದೆಯೆಂದೇ ಲೆಕ್ಕ. ರಕ್ತಪರೀಕ್ಷೆಗೆ ಕಾಯದೆ ಚಿಕಿತ್ಸೆ ಶುರು. ಹಾಗಿಲ್ಲದಿದ್ದರೆ ಟ್ರೋಪೋನಿನ್ ನೋಡುತ್ತಾರೆ. ಸ್ನಾಯು ಗಾಯಗೊಂಡಾಗ ರಕ್ತಕ್ಕೆ ಸೋರುವ ಪ್ರೋಟೀನು ಅದು. ಏರಲು ಸಮಯ ಬೇಕಾದ್ದರಿಂದ ಕೆಲ ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯುತ್ತಾರೆ. ಟ್ರೋಪೋನಿನ್ ಏರದೆ, ವಿಶ್ರಾಂತಿಯಲ್ಲೂ ನೋವು ಮರುಕಳಿಸುತ್ತಿದ್ದರೆ ಅದೂ ಹೃದಯಾಘಾತದ ಮುನ್ಸೂಚನೆಯೇ. ‘ಮೊದಲ ಇಸಿಜಿ ನಾರ್ಮಲ್’ ಎಂಬ ಮಾತು ಮನೆಗೆ ಹೋಗಲು ಪರವಾನಗಿಯಲ್ಲ.

<b>ಗುಳಿಗೆಯಿಂದ ಬಲೂನಿನವರೆಗೆ</b>

1988ರಲ್ಲಿ ಬಂದ ‘ಐಸಿಸ್-2’ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಅಗ್ಗದ ಆಸ್ಪಿರಿನ್ ಒಂದೇ ಸಾವನ್ನು ಶೇ 23ರಷ್ಟು ತಗ್ಗಿಸಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಚುಚ್ಚುಮದ್ದೂ ಜೊತೆಗೂಡಿದಾಗ ಇಳಿಕೆ ಶೇ 42. ಆಂಡ್ರಿಯಾಸ್ ಗ್ರುಂಟ್ಸಿಗ್ 1977ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಮಾಡಿದ ಬಲೂನ್ ಆಂಜಿಯೊಪ್ಲಾಸ್ಟಿ ಈಗ ಸ್ಟೆಂಟ್ ಸಮೇತ ಮೊದಲ ಆಯ್ಕೆ. ಆದರೆ ಎರಡು ಗಂಟೆಯೊಳಗೆ ಅದನ್ನು ಮಾಡುವ ಕ್ಯಾಥ್‌ಲ್ಯಾಬ್ ಸಿಗುವಂತಿಲ್ಲದಿದ್ದರೆ, ರಕ್ತಸ್ರಾವದ ಅಪಾಯವಿಲ್ಲವೆಂದು ನೋಡಿಕೊಂಡು ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಮದ್ದು ಕೊಡುವುದು ಜಾಣತನ. ಆ ಮೇಲೆ ಆಂಜಿಯೊಗ್ರಾಮ್‌ಗೆ ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ನಾಳ ಅರೆಬರೆ ಮುಚ್ಚಿದವರಿಗೆ ಮಾತ್ರ ಈ ಮದ್ದು ಸಲ್ಲದು. ರಕ್ತ ತೆಳುಮಾಡುವ ಔಷಧಿ ಕೊಟ್ಟು ಆಂಜಿಯೊಗ್ರಾಮ್ ಮಾಡುತ್ತಾರೆ.

2021ರ ಅಕ್ಟೋಬರ್ 29ರಂದು 46ರ ವಯಸ್ಸಿನ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ನಾಡು ಬೆಚ್ಚಿತ್ತು. ಅವರದೇ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಕುಳಿತಲ್ಲೇ ನೋಡುತ್ತಾರೆ. ಬೇಕೆಂದರೆ ಸಾವಿರಾರು ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಮದ್ದು ತಾಲ್ಲೂಕಿನಲ್ಲೇ ಪುಕ್ಕಟೆ. ಆದರೆ ರೋಗಿ ಅಲ್ಲಿಗೆ ಬಂದರೆ ತಾನೆ?

<b>ನೆನಪಿಡಿ</b>

ಎದೆಯ ಒತ್ತಡ ದವಡೆ, ಎಡತೋಳು, ಬೆನ್ನಿಗೆ ಹರಿಯಬಹುದು. ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಲೂಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಕರಿಕೆ ಇರುವುದುಂಟು. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಗುಳಿಗೆ ನಾಲಿಗೆ ಕೆಳಗಿಡಬೇಡಿ, ಬಿಪಿ ಕುಸಿದೀತು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ ವೈದ್ಯರು 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಹೇಳುತ್ತಾರೆ. ಸ್ವತಃ ಗಾಡಿ ಓಡಿಸಿಕೊಂಡು ಹೊರಡಬೇಡಿ.

ಗ್ಯಾಸ್ಟ್ರಿಕ್ಕೋ ಹೃದಯಾಘಾತವೋ ಎಂಬ ತೀರ್ಮಾನ ಅಡುಗೆಮನೆಯಲ್ಲಿ ಆಗುವಂಥದ್ದಲ್ಲ. ಅನುಮಾನ ಬಂದ ಕೂಡಲೇ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಗ್ಯಾಸ್ಟ್ರಿಕ್ಕೇ ಆಗಿದ್ದರೆ ಕಷಾಯ ವಾಪಸ್ ಬಂದು ಕುಡಿದರಾಯಿತು.