ಔಷಧಿ ಒಳ್ಳೇದಾದರೆ ವರ್ಷವಿಡೀ ಯಾಕೆ ನೋಡಬೇಕು?

ಪುಣೆಯ ಕೊಂಡ್ವಾದಲ್ಲಿ ನನ್ನ ಖಾಲಾ ಇರುತ್ತಾರೆ. ವಿಜಯಪುರದ ಕಡೆಯಿಂದ ಮದುವೆಯಾಗಿ ಹೋದವರು. ಅವರ ಜೀವನದ ಅರ್ಧದಷ್ಟು ಭಾಗ ಕಟ್ಟಿಗೆ, ಕುಳ್ಳಿನ ಒಲೆ ಊದುವುದರಲ್ಲೇ ಕಳೆದಿದೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಈಗ ಎರಡನೇ ಮಹಡಿ ಹತ್ತುವಷ್ಟರಲ್ಲಿ ಮೂರು ಸಲ ನಿಲ್ಲುತ್ತಾರೆ. ಎಷ್ಟೋ ವರ್ಷ "ದಮ್ಮು, ವಯಸ್ಸಾಯ್ತಲ್ಲ" ಅಂತ ಸುಮ್ಮನಿದ್ದರು. ಊದುವ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ಅದು ಸಿಒಪಿಡಿ ಅಂತ.

ಕಳೆದ ವರ್ಷ ಅವರನ್ನು ನೋಡುವ ವೈದ್ಯರು ಒಂದು ಮಾತು ಕೇಳಿದರು: "ಹೊಸ ಇನ್ಹೇಲರ್ ಔಷಧಿಯೊಂದರ ಪರೀಕ್ಷೆ ನಡೀತಿದೆ, ಸೇರ್ತೀರಾ? 52 ವಾರ." ಕೈಗೆ ಒಂದು ಕಂತೆ ಕಾಗದ ಕೊಟ್ಟರು. ಮನೆಯಲ್ಲಿ ಗಲಾಟೆ ಶುರು. ಮಗ "ಅಮ್ಮೀನ ಪ್ರಯೋಗಪಶು ಮಾಡ್ತಾರೆ" ಅಂದ. ಸೊಸೆ "ಔಷಧಿ ಫುಕಟ್ ಸಿಗುತ್ತೆ, ಹೋಗ್ಲಿ" ಅಂದಳು. ಖಾಲಾ ಮಾತ್ರ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ದವಾ ಅಚ್ಛೀ ಹೈ ಬೋಲೇ ತೋ ಬರಸ್ ಭರ್ ಕಾಯ್ಕು ದೇಖ್ನಾ ಬೇಟಾ?" ಔಷಧಿ ಒಳ್ಳೇದು ಅಂತಾದ ಮೇಲೆ ವರ್ಷವಿಡೀ ನೋಡೋದು ಯಾಕೆ?

ನಾನು ಶಾಲೆಯಲ್ಲಿ ಪಾಠ ಮಾಡುವವಳು, ವೈದ್ಯೆಯಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ರಜೆಯಲ್ಲಿ ಪುಣೆಗೆ ಹೋಗಿ ಅವರ ಜೊತೆ ಕೂತು ಆ ಕಾಗದ ಓದಿದೆ. ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಇಂಥ ಖಾಲಾಗಳು ಬಹಳ ಇದ್ದಾರೆ.

ಮೊದಲು ಕಾಯಿಲೆಯ ವಿಷಯ. ಹೊಗೆ, ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ. ಗಾಳಿಚೀಲಗಳ ತೆಳು ಗೋಡೆಗಳು ಒಡೆಯುತ್ತವೆ. ಒಡೆದ ಗೋಡೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. 1990ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 81 ಲಕ್ಷ ಜನರಿಗೆ ಸಿಒಪಿಡಿ ಇತ್ತು, 2016ಕ್ಕೆ ಅದು 5 ಕೋಟಿ 53 ಲಕ್ಷ ಆಯಿತು ಎಂದು 2018ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದು ಸಿಗರೇಟು ಸೇದುವ ಗಂಡಸರ ಕಾಯಿಲೆ ಮಾತ್ರ ಅಲ್ಲ ಅನ್ನುವ ಮಾತನ್ನು ಲೋಕದ ಮುಂದೆ ಗಟ್ಟಿಯಾಗಿ ಇಟ್ಟವರಲ್ಲಿ ಪುಣೆಯವರೇ ಒಬ್ಬರು, ಚೆಸ್ಟ್ ರಿಸರ್ಚ್ ಫೌಂಡೇಶನ್ ಕಟ್ಟಿದ ಡಾ. ಸಂದೀಪ್ ಸಾಳ್ವಿ. ಸಿಗರೇಟು ಸೇದದವರಲ್ಲಿ ಸಿಒಪಿಡಿ ಬಗ್ಗೆ 2009ರಲ್ಲಿ ಅವರು ಪೀಟರ್ ಬಾರ್ನ್ಸ್ ಜೊತೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಒಲೆಯ ಹೊಗೆಯೇ ಅಲ್ಲಿ ದೊಡ್ಡ ಆರೋಪಿ. ಖಾಲಾಗೆ ಇದನ್ನು ಹೇಳಿದಾಗ ಅವರು ಸುಮ್ಮನೆ ಅಡುಗೆಮನೆಯ ಕಡೆ ನೋಡಿದರು.

ಕಾಯಿಲೆ ಹೋಗುವುದಿಲ್ಲ ಅಂದರೆ ಔಷಧಿಯೂ ನಿಲ್ಲುವುದಿಲ್ಲ. ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಜ್ವರದ ಮಾತ್ರೆ ಮೂರು ದಿನ, ಇನ್ಹೇಲರ್ ಹತ್ತು-ಇಪ್ಪತ್ತು ವರ್ಷ. ಮೂರು ತಿಂಗಳಲ್ಲಿ ಉಸಿರು ಹಗುರಾಯಿತೋ ಇಲ್ಲವೋ ಅಂತ ತಿಳಿಯಬಹುದು. ಆದರೆ ಮೂಳೆ ಸವೆಯಿತೇ, ಹೃದಯದ ಬಡಿತ ತಪ್ಪಿತೇ, ಸೋಂಕು ಹೆಚ್ಚಾಯಿತೇ, ಇದೆಲ್ಲ ಮೂರು ತಿಂಗಳಲ್ಲಿ ಕಾಣುವಂಥದ್ದಲ್ಲ.

ಎಷ್ಟು ಜನರನ್ನು ಎಷ್ಟು ದಿನ ನೋಡಬೇಕು ಅನ್ನುವುದಕ್ಕೆ 1994ರ ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ದೀರ್ಘಕಾಲ ತೆಗೆದುಕೊಳ್ಳುವ ಔಷಧಿಯನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಒಟ್ಟು ಸುಮಾರು 1,500 ಜನ ಅದನ್ನು ತೆಗೆದುಕೊಂಡಿರಬೇಕು. ಅವರಲ್ಲಿ 300ರಿಂದ 600 ಜನ ಆರು ತಿಂಗಳು, ಕನಿಷ್ಠ 100 ಜನ ಒಂದು ವರ್ಷ ತೆಗೆದುಕೊಂಡಿರಬೇಕು. ಇದು ಕೆಳಗಿನ ಮಿತಿ ಅಷ್ಟೇ.

"ನೂರು ಜನ ಸಾಕಾ?" ಅಂತ ಖಾಲಾ ಕೇಳಿದರು. ಆಗ ಅವರು ತೊಗರಿಬೇಳೆ ಆರಿಸುತ್ತಾ ಕೂತಿದ್ದರು. ನಾನಂದೆ, "ಖಾಲಾ, ನೂರು ಕಾಳು ಆರಿಸಿದ್ರಿ, ಒಂದೂ ಕಲ್ಲು ಸಿಗಲಿಲ್ಲ. ಚೀಲದಲ್ಲಿ ಕಲ್ಲೇ ಇಲ್ಲ ಅಂತ ಹೇಳ್ತೀರಾ?" ಅವರು ನಕ್ಕರು. ಲೆಕ್ಕದವರು ಇದಕ್ಕೊಂದು ಸುಲಭ ಸೂತ್ರ ಇಟ್ಟಿದ್ದಾರೆ: ಮೂರನ್ನು ನೋಡಿದವರ ಸಂಖ್ಯೆಯಿಂದ ಭಾಗಿಸಿ. ನೂರು ಜನರಲ್ಲಿ ಒಂದು ತೊಂದರೆ ಒಬ್ಬರಿಗೂ ಕಾಣದಿದ್ದರೆ, ನಿಜದಲ್ಲಿ ಅದು ನೂರಕ್ಕೆ ಮೂವರವರೆಗೂ ಇರಬಹುದು. 1,500 ಜನರಲ್ಲಿ ಕಾಣದಿದ್ದರೂ 500ಕ್ಕೆ ಒಬ್ಬರಿಗೆ ಬರುವ ಸಾಧ್ಯತೆ ಉಳಿದೇ ಇರುತ್ತದೆ. ಅಂದರೆ "ಏನೂ ಆಗಲಿಲ್ಲ" ಅನ್ನುವ ಮಾತಿಗೆ ಎಷ್ಟು ಬೆಲೆ ಅನ್ನೋದು, ಎಷ್ಟು ಜನರನ್ನು ಎಷ್ಟು ಕಾಲ ನೋಡಿದರು ಅನ್ನೋದರ ಮೇಲೆ ನಿಂತಿದೆ.

ನೋಡುತ್ತಾ ಹೋದದ್ದರಿಂದ ಏನು ಸಿಕ್ಕಿತು? ಎರಡು ಉದಾಹರಣೆ ಹೇಳುತ್ತೇನೆ.

'ಟಾರ್ಚ್' ಅನ್ನುವ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. 6,112 ಸಿಒಪಿಡಿ ರೋಗಿಗಳನ್ನು ಮೂರು ವರ್ಷ ನೋಡಿದರು. ಸಾಲ್ಮೆಟೆರಾಲ್ ಮತ್ತು ಸ್ಟೀರಾಯ್ಡ್ ಆದ ಫ್ಲೂಟಿಕಾಸೋನ್ ಎರಡೂ ಇದ್ದ ಇನ್ಹೇಲರ್ ತೆಗೆದುಕೊಂಡವರಲ್ಲಿ ಕಾಯಿಲೆ ಉಲ್ಬಣವಾಗುವುದು ಕಡಿಮೆಯಾಯಿತು. ಅದೇ ಗುಂಪಿನಲ್ಲಿ ನ್ಯುಮೋನಿಯಾ ಬಂದದ್ದು ನೂರಕ್ಕೆ 19.6 ಜನರಿಗೆ. ಔಷಧಿಯಿಲ್ಲದ ಖಾಲಿ ಇನ್ಹೇಲರ್ ಕೊಟ್ಟ ಗುಂಪಿನಲ್ಲಿ 12.3. ಈ ವ್ಯತ್ಯಾಸ ಮೂರು ವಾರದ ಪರೀಕ್ಷೆಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದ ಮೇಲೆ ಆ ಔಷಧಿಯನ್ನು ಎಸೆಯಲಿಲ್ಲ. ಯಾರಿಗೆ ಸ್ಟೀರಾಯ್ಡ್ ಬೇಕು, ಯಾರಿಗೆ ಬೇಡ ಅಂತ ವೈದ್ಯರು ಹೆಚ್ಚು ಯೋಚಿಸುವಂತಾಯಿತು.

ಎರಡನೆಯದು ಉಲ್ಟಾ ಕತೆ. ಟಯೋಟ್ರೋಪಿಯಂ ಅನ್ನುವ ಔಷಧಿಯನ್ನು ಮಂಜಿನ ಹಾಗೆ ಕೊಡುವ ಹೊಸ ಸಾಧನದಿಂದ ಸಾವು ಹೆಚ್ಚಾಗುತ್ತಿರಬಹುದು ಎಂಬ ಅನುಮಾನ ಎದ್ದಿತು. ಸಣ್ಣ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಲೆಕ್ಕ ಹಾಗೆ ಹೇಳುತ್ತಿತ್ತು. ಆಗ 17,135 ರೋಗಿಗಳನ್ನು ಸರಾಸರಿ 2.3 ವರ್ಷ ನೋಡಿದರು. 2013ರಲ್ಲಿ ಬಂದ ಉತ್ತರ: ಹಳೆಯ ಪುಡಿ ಇನ್ಹೇಲರ್‌ಗಿಂತ ಸಾವು ಹೆಚ್ಚಿಲ್ಲ. ದೀರ್ಘಕಾಲದ ಪರೀಕ್ಷೆ ಔಷಧಿಯನ್ನು ಸಿಕ್ಕಿಸಿ ಹಾಕುವುದಕ್ಕೆ ಮಾತ್ರ ಅಲ್ಲ, ಸುಳ್ಳು ಅಪವಾದದಿಂದ ಬಿಡಿಸುವುದಕ್ಕೂ ಬೇಕು.

ಇಲ್ಲಿ ಮಗನ ಸಿಟ್ಟಿಗೂ ಉತ್ತರ ಕೊಡಬೇಕು. "ಹಾಗಾದ್ರೆ ಕೆಲವರಿಗೆ ಖಾಲಿ ಔಷಧಿ ಕೊಡ್ತಾರಾ? ಮೋಸ ಅಲ್ವಾ?" ಅಂದ. ಯೋಚಿಸಿ ನೋಡಿ. ಸಿಒಪಿಡಿ ಇರುವವರು ಹೆಚ್ಚಾಗಿ ವಯಸ್ಸಾದವರು. ಬಿಪಿ, ಶುಗರ್, ಹೃದಯದ ತೊಂದರೆ ಜೊತೆಗೇ ಇರುತ್ತವೆ. ಒಂದು ವರ್ಷದಲ್ಲಿ ಯಾವ ಔಷಧಿ ಇಲ್ಲದಿದ್ದರೂ ಕೆಲವರಿಗೆ ನ್ಯುಮೋನಿಯಾ ಬರುತ್ತದೆ, ಕೆಲವರು ತೀರಿಹೋಗುತ್ತಾರೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಯಾವುದು ಔಷಧಿಯಿಂದ ಆಯಿತು, ಯಾವುದು ಕಾಯಿಲೆಯಿಂದ ಆಯಿತು ಅಂತ ಹೇಳಲು ದಾರಿಯೇ ಇಲ್ಲ. ಖಾಲಾ ಸೇರಬೇಕಿದ್ದ ಪರೀಕ್ಷೆಯಲ್ಲಿ ಅವರ ಹಳೆಯ ಇನ್ಹೇಲರ್ ಹಾಗೇ ಮುಂದುವರಿಯುತ್ತದೆ, ಹೊಸದು ಅಥವಾ ಖಾಲಿಯದು ಅದರ ಮೇಲೆ ಅಂತ ಕಾಗದದಲ್ಲಿ ಬರೆದಿತ್ತು. ಇದನ್ನು ಓದದೇ ಸಹಿ ಹಾಕಬಾರದು.

ಹಕ್ಕುಗಳ ವಿಷಯ ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಬಡವರ ಮೇಲೆ ಹೇಳದೇ ಕೇಳದೇ ಔಷಧಿ ಪರೀಕ್ಷೆ ಮಾಡಿದ ದೂರುಗಳು ಸುಪ್ರೀಂ ಕೋರ್ಟ್‌ವರೆಗೂ ಹೋಗಿವೆ. ಮಗನ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಮೇಲೆ ಕಾನೂನು ಬಿಗಿಯಾಯಿತು. ಈಗ ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅದರ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಬೇಕು. ಓದಲು ಬಾರದವರಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಪರೀಕ್ಷೆಯನ್ನು ಒಪ್ಪುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅವರಲ್ಲಿ ಅರ್ಧದಷ್ಟಾದರೂ ಹೊರಗಿನವರು, ಒಬ್ಬರು ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯ ಜನ ಆಗಿರಬೇಕು. ಗಂಭೀರ ತೊಂದರೆಯಾದರೆ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಯಾವ ದಿನ ಬೇಕಾದರೂ ಕಾರಣ ಹೇಳದೇ ಹೊರಬರಬಹುದು, ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲಬಾರದು. ಪರೀಕ್ಷೆ ನಿಜವಾಗಿ ನೋಂದಣಿಯಾಗಿದೆಯೇ ಅಂತ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಯಾರು ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು. 2009ರಿಂದ ನೋಂದಣಿ ಕಡ್ಡಾಯ. ಮಗನೇ ಹುಡುಕಿದ, ಸಿಕ್ಕಿತು. ಅವನ ದನಿ ಸ್ವಲ್ಪ ಇಳಿಯಿತು.

ಸೊಸೆಗೂ ಒಂದು ಮಾತು ಹೇಳಬೇಕಾಯಿತು. ಹೊಸ ಔಷಧಿ ಅಂದರೆ ಹೆಚ್ಚು ಒಳ್ಳೆಯ ಔಷಧಿ ಅಂತ ಅರ್ಥವಲ್ಲ. ಅದು ಗೊತ್ತಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ. ವರ್ಷ ಮುಗಿದ ಮೇಲೂ ಅದು ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಆ ಕಾಗದದಲ್ಲಿ ಇರಲಿಲ್ಲ.

ರಂಜಾನ್ ಪ್ರಶ್ನೆಯೂ ಬಂತು. ರೋಜಾದಲ್ಲಿ ಇನ್ಹೇಲರ್ ತೆಗೆದುಕೊಳ್ಳುವ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಕಾಯಿಲೆಯವರಿಗೆ ರಿಯಾಯಿತಿ ಇದೆ ಅನ್ನುವುದರಲ್ಲಿ ಭೇದವಿಲ್ಲ. ದಿನಕ್ಕೆ ಎರಡು ಸಲದ ಔಷಧಿಯನ್ನು ಸಹರಿ, ಇಫ್ತಾರ್ ಹೊತ್ತಿಗೆ ಹೊಂದಿಸಬಹುದೇ ಅಂತ ವೈದ್ಯರನ್ನು ಮೊದಲೇ ಕೇಳಬೇಕು. ಯಾರಿಗೂ ಹೇಳದೇ ಬಿಡುವುದು ಮಾತ್ರ ಬೇಡ. ತೆಗೆದುಕೊಳ್ಳದ ಔಷಧಿ ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಅದು "ಸುರಕ್ಷಿತ" ಅಂತ ದಾಖಲಾಗುತ್ತದೆ. ಆ ಸುಳ್ಳನ್ನು ಮುಂದೆ ಇನ್ನೊಬ್ಬರು ನಂಬುತ್ತಾರೆ.

ಮಾರುಕಟ್ಟೆಗೆ ಬಂದ ಮೇಲೂ ಕಾವಲು ಮುಗಿಯುವುದಿಲ್ಲ. 2010ರಲ್ಲಿ ಶುರುವಾದ ಭಾರತದ ಔಷಧ ನಿಗಾ ಕಾರ್ಯಕ್ರಮಕ್ಕೆ 1800-180-3024 ಎಂಬ ಉಚಿತ ಸಂಖ್ಯೆ ಇದೆ. ಯಾವ ಔಷಧಿಯಿಂದ ತೊಂದರೆಯಾದರೂ ರೋಗಿಯೇ ತಿಳಿಸಬಹುದು.

ಖಾಲಾ ಹತ್ತು ದಿನ ಯೋಚಿಸಿ ಸೇರಿದರು. ಆಸ್ಪತ್ರೆಯ ಫೋನ್ ನಂಬರನ್ನು ನಾನು ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ ಬಂದೆ. ಮೂರನೇ ತಿಂಗಳು ಅವರಿಗೆ ಜ್ವರ ಬಂತು. ಎರಡು ದಿನ ಯಾರಿಗೂ ಹೇಳಲಿಲ್ಲ. "ಹೇಳಿದ್ರೆ ಹೆಸರು ತೆಗೆದುಹಾಕ್ತಾರೆ, ಡಾಕ್ಟರ್ ಸಾಹೇಬ್ರಿಗೂ ಬೇಜಾರಾಗುತ್ತೆ" ಅಂತ ಅವರ ಲೆಕ್ಕ. ಉಪಕಾರ ಮಾಡಿದವರಿಗೆ ತೊಂದರೆ ಕೊಡಬಾರದು ಅನ್ನುವ ನಮ್ಮ ಹೆಂಗಸರ ಹಳೇ ಅಭ್ಯಾಸ. ಮೂರನೇ ದಿನ ಮಗನೇ, ಆ ಸಿಟ್ಟಿನ ಮಗನೇ, ಫ್ರಿಜ್ ಮೇಲಿನ ನಂಬರಿಗೆ ಫೋನ್ ಮಾಡಿದ. ನ್ಯುಮೋನಿಯಾ. ನಾಲ್ಕು ದಿನ ಅಡ್ಮಿಟ್ ಆಗಿದ್ದರು. ವರದಿ ಹೋಯಿತು. ಈಗ ಆರಾಮಾಗಿದ್ದಾರೆ.

ಅವರ ಕೈಯಲ್ಲಿದ್ದದ್ದು ಔಷಧಿಯ ಇನ್ಹೇಲರೋ ಖಾಲಿಯದೋ ನಮಗೆ ಗೊತ್ತಿಲ್ಲ, ಅವರನ್ನು ನೋಡುವ ವೈದ್ಯರಿಗೂ ಗೊತ್ತಿಲ್ಲ. ಪರೀಕ್ಷೆ ಮುಗಿದು ಗುಟ್ಟು ಒಡೆದ ದಿನ ಎರಡು ಗುಂಪುಗಳ ಜ್ವರಗಳನ್ನು ಪಕ್ಕಪಕ್ಕದಲ್ಲಿಟ್ಟು ಎಣಿಸುತ್ತಾರೆ. ಆ ಎಣಿಕೆಯಲ್ಲಿ ಖಾಲಾರ ಜ್ವರವೂ ಒಂದು. ಅವರು ಮುಚ್ಚಿಟ್ಟಿದ್ದರೆ ಒಂದು ಕಡಿಮೆ ಇರುತ್ತಿತ್ತು.